ಕೋಟೆಗೆ ಒಬ್ಬೊಬ್ಬರಾಗಿ ಜನ ಬಂದು ಸೇರುತ್ತಿದ್ದ ಆ ಆಟ

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣ ಪ್ಲೇಸ್ಟೇಷನ್‌ನಲ್ಲಿ ಒಂದು ಆಟ ಆಡುತ್ತಿದ್ದ. ಕಂಟ್ರೋಲರ್ ನನ್ನ ಕೈಗೆ ಸಿಗುತ್ತಿರಲಿಲ್ಲ, ಪಕ್ಕದಲ್ಲಿ ಕೂತು ನೋಡುವುದಷ್ಟೇ. ಆಟದ ಹೆಸರು ಈಗ ಅವನಿಗೂ ನೆನಪಿಲ್ಲ. ನನಗೆ ನೆನಪಿರುವುದು ಇಷ್ಟು: ತಲೆಗೆ ಬಟ್ಟೆ ಕಟ್ಟಿ ಉದ್ದನೆಯ ಕೋಲು ಹಿಡಿದ ಹುಡುಗ, ಸರೋವರದ ನಡುವೆ ಒಂದು ಕೋಟೆ, ಅಲ್ಲಿಗೆ ಒಬ್ಬೊಬ್ಬರಾಗಿ ಬಂದು ಸೇರಿಕೊಳ್ಳುವ ಜನ, ಹೆಸರುಗಳನ್ನು ಕೆತ್ತಿದ ಕಲ್ಲು, ಕೆಂಪು ಬಟ್ಟೆ ಹೊದ್ದ ಅಳಿಲು. ಆ ಆಟ ಯಾವುದು? ಈಗ ಸಿಗುತ್ತದೆಯೇ, ಸಿಕ್ಕರೆ ಎಲ್ಲಿಂದ ಶುರುಮಾಡಲಿ? ಯಾರನ್ನೂ ಬಿಟ್ಟುಬಿಡದಂತೆ ಪಟ್ಟಿ ಇಟ್ಟುಕೊಂಡೇ ಆಡಬೇಕಾದ ಆಟವಿರಬೇಕು ಎಂದು ಪರಿಚಯದವರೊಬ್ಬರು ಹೇಳಿದರು, ಹೌದೇ? ಮಗನಿಗೆ 11 ವರ್ಷ, ಅವನನ್ನು ಜೊತೆಗೆ ಕೂರಿಸಿಕೊಳ್ಳಬಹುದೇ? ಅದು ನಿಜಕ್ಕೂ ಒಳ್ಳೆಯ ಆಟವೋ, ಚಿಕ್ಕಂದಿನದು ಎಂಬ ಕಾರಣಕ್ಕೆ ನನಗೆ ಹಾಗೆ ಅನ್ನಿಸುತ್ತಿದೆಯೋ ತಿಳಿಸಿ.

ಉತ್ತರ: ಅಳಿಲು ಎಂದಿರಲ್ಲ, ಅಲ್ಲಿಗೇ ಗುರುತು ಸಿಕ್ಕಿತು. ಅದು ಸುಯಿಕೋಡೆನ್ ಎಂಬ ಆಟಗಳ ಸರಣಿ. ಆದರೆ ನಿಮ್ಮ ನೆನಪಿನಲ್ಲಿ ಎರಡು ಆಟ ಬೆರೆತುಕೊಂಡಿವೆ. ಕೋಲು ಹಿಡಿದ ಹುಡುಗ ಮತ್ತು ಟೋರಾನ್ ಸರೋವರದ ನಡುವಿನ ಕೋಟೆ ಮೊದಲನೆಯ ಆಟದವು. ಕೆಂಪು ಹೊದಿಕೆಯ ಅಳಿಲು ಎರಡನೆಯದರದ್ದು, ಅದರ ಹೆಸರು ಮುಕುಮುಕು, ಅದು ಹಾರುವ ಅಳಿಲು. ಆ ಎರಡನೆಯ ಆಟದ ನಾಯಕನ ಬಳಿ ಉದ್ದ ಕೋಲಿಲ್ಲ, ಎರಡೂ ಕೈಗೆ ಒಂದೊಂದು ಟೊನ್ಫಾ ಎಂಬ ಗಿಡ್ಡ ಆಯುಧ ಇರುತ್ತದೆ. ಹೆಸರು ಕೆತ್ತಿದ ಕಲ್ಲು ಎರಡರಲ್ಲೂ ಇದೆ. ಅಂದರೆ ನಿಮ್ಮ ಅಣ್ಣ ಎರಡನ್ನೂ ಆಡಿದ್ದಾರೆ, ನೀವು ಎರಡನ್ನೂ ನೋಡಿದ್ದೀರಿ. ಸರಣಿಯ ಅತ್ಯುತ್ತಮ ಭಾಗ ನಿಮ್ಮ ಕಣ್ಣೆದುರೇ ನಡೆದುಹೋಗಿದೆ.

ಜಪಾನಿನ ಕೊನಾಮಿ ಕಂಪನಿ ಮೊದಲ ಸುಯಿಕೋಡೆನ್ ಅನ್ನು ಹೊರತಂದದ್ದು 1995ರ ಡಿಸೆಂಬರ್‌ನಲ್ಲಿ. ಪ್ಲೇಸ್ಟೇಷನ್ ಯಂತ್ರ ಜಪಾನಿನ ಅಂಗಡಿಗಳಿಗೆ ಬಂದು ಆಗಿನ್ನೂ ಒಂದು ವರ್ಷವಾಗಿತ್ತು. ಎರಡನೆಯದು ಜಪಾನಿನಲ್ಲಿ 1998ರ ಕೊನೆಗೆ, ಅಮೆರಿಕದಲ್ಲಿ 1999ರಲ್ಲಿ, ಯುರೋಪಿನಲ್ಲಿ 2000ದಲ್ಲಿ ಬಂತು. ಎರಡಕ್ಕೂ ಕಥೆ ಬರೆದು ನಿರ್ದೇಶಿಸಿದವರು ಯೋಶಿತಾಕಾ ಮುರಯಾಮ. ಕಥೆಯ ಬೇರು ಚೀನಾದ ಒಂದು ಹಳೆಯ ಮಹಾಕಾದಂಬರಿಯಲ್ಲಿದೆ. ಆಳುವವರ ಅನ್ಯಾಯಕ್ಕೆ ರೋಸಿಹೋದ 108 ಬಂಡಾಯಗಾರರು ಜೌಗಿನ ನಡುವಿನ ಬೆಟ್ಟವೊಂದರಲ್ಲಿ ಒಟ್ಟುಗೂಡುವ ಕಥೆ ಅದು. ಅದಕ್ಕೆ ಜಪಾನಿನಲ್ಲಿರುವ ಹೆಸರನ್ನೇ ಆಟಕ್ಕೂ ಇಟ್ಟರು. ಮುರಯಾಮ ಅಲ್ಲಿಂದ ತೆಗೆದುಕೊಂಡದ್ದು ಮುಖ್ಯವಾಗಿ 108 ಎಂಬ ಸಂಖ್ಯೆಯನ್ನು ಮತ್ತು ಬೇರೆ ಬೇರೆ ದಾರಿಯಿಂದ ಬಂದವರು ಒಂದೇ ಸೂರಿನ ಕೆಳಗೆ ಸೇರುವ ಕಲ್ಪನೆಯನ್ನು. ಉಳಿದ ಲೋಕವನ್ನು, ಅದರ ಸಾಮ್ರಾಜ್ಯಗಳನ್ನು, 27 ಮೂಲ ರೂನ್‌ಗಳೆಂಬ ಮಂತ್ರಶಕ್ತಿಗಳನ್ನು ಅವರೇ ಕಟ್ಟಿದರು.

ಎರಡನೆಯದು ಬಂದ ಕಾಲಕ್ಕೆ ದೊಡ್ಡ ಆಟಗಳೆಲ್ಲ ಮೂರು ಆಯಾಮದ ಚಿತ್ರಗಳ ಕಡೆ ಹೊರಳಿದ್ದವು. ಸುಯಿಕೋಡೆನ್ ಮಾತ್ರ ಪುಟ್ಟ ಪುಟ್ಟ ಚಪ್ಪಟೆ ಗೊಂಬೆಗಳಲ್ಲೇ ಕಥೆ ಹೇಳಿತು. ಹೊರದೇಶಗಳಲ್ಲಿ ಮಾರಾಟವಾದ ಪ್ರತಿಗಳು ಕಡಿಮೆ. ಆಡಿದವರು ಮಾತ್ರ ಬಿಡಲಿಲ್ಲ, ಇನ್ನೊಬ್ಬರಿಗೆ ಹೇಳುತ್ತಲೇ ಬಂದರು, ಹಳೆಯ ಡಿಸ್ಕ್‌ಗಳ ಬೆಲೆ ಏರುತ್ತಲೇ ಹೋಯಿತು. ಇವತ್ತು ಆ ಚಪ್ಪಟೆ ಗೊಂಬೆಗಳೇ ಕಣ್ಣಿಗೆ ಹಿತವಾಗಿವೆ. ಆ ಕಾಲದ ಒರಟು ಮೂರು ಆಯಾಮದ ಮುಖಗಳನ್ನು ಈಗ ನೋಡುವುದೇ ಕಷ್ಟ.

ಬಾಲ್ಯದ ನೆನಪಷ್ಟೇ ಇರಬಹುದೇ ಎಂದು ಕೇಳಿದ್ದೀರಿ. ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಆದರೆ ಆಟದ ಒಳಗಿನ ಯಾವ ಕೆಲಸ ಆ ಪ್ರೀತಿಯನ್ನು ಹುಟ್ಟಿಸುತ್ತದೆ ಎಂಬುದನ್ನು ತೋರಿಸಬೇಕಾದರೆ ನಾನು ಅದನ್ನು ಕಂಡ ಬಗೆಯನ್ನೂ ಹೇಳಬೇಕು.

ನಮ್ಮಲ್ಲಿ ಜೂನ್ ಕಳೆದರೆ ಮಳೆಗೆ ಶಾಲೆ ರಜೆ ಎಂದು ಜಿಲ್ಲಾಧಿಕಾರಿಗಳು ಪ್ರಕಟಿಸುವುದು ನಿಮಗೆ ಗೊತ್ತು. ಅಂಥದೊಂದು ರಜೆಯ ವಾರದಲ್ಲಿ, ಗಲ್ಫ್‌ನಿಂದ ಮರಳಿದ್ದ ಮಾವನ ಪೆಟ್ಟಿಗೆಯಿಂದ ಪ್ಲೇಸ್ಟೇಷನ್ ಹೊರಬಂತು. ಜೊತೆಗೆ ಒಂದಷ್ಟು ಡಿಸ್ಕ್‌ಗಳು. ಚಿತ್ರವಿಲ್ಲ, ಪೆನ್ನಿನಲ್ಲಿ ಬರೆದ ಹೆಸರುಗಳು. ಕಾರ್ ರೇಸು, ಕುಸ್ತಿ ಎಲ್ಲ ಮುಗಿಸಿ, ಹೆಸರೇ ಅರ್ಥವಾಗದ ಡಿಸ್ಕ್ ಒಂದನ್ನು ಹಾಕಿದೆವು. ಸಂಗೀತ ಶುರುವಾಯಿತು. ಆ ಸಂಗೀತ ಮಿಕಿ ಹಿಗಾಶಿನೋ ಅವರದೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. 1985ರ ಪ್ರಸಿದ್ಧ ಗ್ರೇಡಿಯಸ್ ಆಟಕ್ಕೆ ಸಂಗೀತ ಕೊಟ್ಟವರೂ ಅವರೇ. ಅಂದು ಗೊತ್ತಿದ್ದುದು ಇಷ್ಟೇ: ಗುಂಡಿ ಒತ್ತಿ ಮುಂದೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ, ಹಾಡು ಮುಗಿಯುವವರೆಗೆ ಎಲ್ಲರೂ ಸುಮ್ಮನೆ ಕೂತೆವು.

ನಾನು ಕನ್ನಡ ಮಾಧ್ಯಮ. ಆಟದಲ್ಲಿ ಮಾತನಾಡುವ ದನಿಯೇ ಇಲ್ಲ, ಪರದೆಯ ತುಂಬ ಇಂಗ್ಲಿಷ್ ಸಾಲುಗಳು. ನಿಘಂಟು ತೊಡೆಯ ಮೇಲಿಟ್ಟುಕೊಂಡು ನಾನು ಓದುವುದು, ಚಿಕ್ಕಪ್ಪನ ಮಕ್ಕಳಿಗೆ ಕನ್ನಡದಲ್ಲಿ ಹೇಳುವುದು. ಈ ಆಟದಲ್ಲಿ ಆ ಓದು ವ್ಯರ್ಥವಾಗುವುದಿಲ್ಲ. ಇಬ್ಬರೇ ಎದುರುಬದುರು ನಿಂತು ಹೋರಾಡುವ ದ್ವಂದ್ವಯುದ್ಧಗಳಿವೆ. ಹೊಡೆತ, ತಡೆ, ಜೀವದ ಹಂಗು ತೊರೆದು ನುಗ್ಗುವ ಏಟು ಎಂದು ಮೂರೇ ಆಯ್ಕೆ, ಒಂದನ್ನೊಂದು ಸೋಲಿಸುತ್ತವೆ. ಎದುರಾಳಿ ಪ್ರತಿ ಸುತ್ತಿಗೂ ಮೊದಲು ಏನೋ ಒಂದು ಹೇಳುತ್ತಾನೆ. ಮುಂದೆ ಅವನು ಏನು ಮಾಡುತ್ತಾನೆ ಎಂಬ ಸುಳಿವು ಆ ಮಾತಿನಲ್ಲೇ ಇರುತ್ತದೆ. ಸಾಲು ಅರ್ಥವಾದರೆ ಗೆಲುವು, ಅರ್ಥವಾಗದಿದ್ದರೆ ಸೋಲು. ಇಂಗ್ಲಿಷ್ ಪಾಠಕ್ಕೆ ಅಷ್ಟು ಶ್ರದ್ಧೆಯಿಂದ ನಾನು ಎಂದೂ ಕೂತಿರಲಿಲ್ಲ.

ಅಂಥ ಒಂದು ದ್ವಂದ್ವದ ಬಗ್ಗೆ ಹೇಳಲೇಬೇಕು. ಮೊದಲನೆಯ ಆಟದ ಹುಡುಗ ಸಾಮ್ರಾಜ್ಯದ ಮಹಾಸೇನಾನಿ ಟಿಯೋ ಮ್ಯಾಕ್‌ಡೋಲ್‌ನ ಮಗ. ಗೆಳೆಯ ಟೆಡ್ ಒಪ್ಪಿಸಿದ ಒಂದು ಶಾಪಗ್ರಸ್ತ ರೂನ್ ಅವನ ಕೈಗೆ ಬರುತ್ತದೆ, ಮನೆ ಬಿಟ್ಟು ಓಡಬೇಕಾಗುತ್ತದೆ, ಕೊನೆಗೆ ಅಪ್ಪ ಯಾರಿಗಾಗಿ ಕತ್ತಿ ಹಿಡಿದಿದ್ದಾನೋ ಅದೇ ಸಾಮ್ರಾಜ್ಯದ ವಿರುದ್ಧ ಎದ್ದವರ ಮುಂದಾಳಾಗುತ್ತಾನೆ. ಅಪ್ಪ ಮಗ ಮುಖಾಮುಖಿಯಾಗುವ ದಿನ ಬರುತ್ತದೆ ಎಂದು ಮೊದಲ ಕೆಲವು ಗಂಟೆಗಳಲ್ಲೇ ಯಾರಾದರೂ ಊಹಿಸಬಹುದು, ಹಾಗಾಗಿ ಇದನ್ನು ಹೇಳಿದರೆ ಗುಟ್ಟು ಒಡೆದಂತಾಗದು. ಸೈನ್ಯಕ್ಕೆ ಹೋದವರಿಲ್ಲದ ಕುಟುಂಬ ನಮ್ಮ ಜಿಲ್ಲೆಯಲ್ಲಿ ಎಷ್ಟು ಸಿಕ್ಕೀತು? ನಮ್ಮ ದೊಡ್ಡಪ್ಪ ಸುಬೇದಾರರಾಗಿ ನಿವೃತ್ತರಾದವರು. ಹುಡುಗಾಟವೆಂದು ಅತ್ತ ತಿರುಗಿಯೂ ನೋಡದಿದ್ದವರು ಆ ಸಂಜೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅಪ್ಪ ಸೈನಿಕ, ಅವನು ತನ್ನ ಪ್ರಮಾಣ ಮುರಿಯುವ ಹಾಗಿಲ್ಲ. ಮಗ ಕಂಡದ್ದು ಸುಳ್ಳಲ್ಲ, ಅವನೂ ಹಿಂದಕ್ಕೆ ಹೋಗುವ ಹಾಗಿಲ್ಲ. ಟಿಯೋನನ್ನು ಆಟ ಖಳನಾಗಿ ಮಾಡಿಲ್ಲ. ದೊಡ್ಡಪ್ಪ ಕೇಳಿದ್ದು ಒಂದೇ: "ಈ ಅಪ್ಪನ ಜಾಗದಲ್ಲಿ ನಾನಿದ್ದರೂ ಬೇರೆ ಏನು ಮಾಡಲಿ?" ಅದಕ್ಕೆ ಉತ್ತರ ಕೊಡುವ ವಯಸ್ಸು ನಮ್ಮದಾಗಿರಲಿಲ್ಲ. ಒಂದು ಆಟ ಮನೆಯ ಹಿರಿಯರನ್ನು ಹಾಗೆ ಕೇಳುವಂತೆ ಮಾಡಬಲ್ಲದು ಎಂಬುದು ಮಾತ್ರ ನನ್ನಲ್ಲಿ ನಿಂತಿತು. ನಾನು ಆಟಗಳ ಬಗ್ಗೆ ಬರೆಯುವ ದಾರಿಗೆ ಬಂದದ್ದು ಅಲ್ಲಿಂದ.

ಅಜ್ಜಿಗೆ ಯುದ್ಧ ಬೇಕಿರಲಿಲ್ಲ, ಕೋಟೆ ಬೇಕಿತ್ತು. ಸಂಜೆ ದೀಪ ಹಚ್ಚಿ ಬಂದವರೇ "ಇವತ್ತು ಯಾರು ಬಂದರು?" ಎನ್ನುತ್ತಿದ್ದರು. ಪುತ್ತರಿ ಹಬ್ಬಕ್ಕೆ ಐನ್‌ಮನೆ (ಕುಲದ ಮೂಲಮನೆ) ತುಂಬಿದ ಹಾಗಿದೆ ನಿಮ್ಮ ಕೋಟೆ, ಎಂದು ಅವರು ಒಮ್ಮೆ ಹೇಳಿದ್ದಕ್ಕಿಂತ ಚೆನ್ನಾಗಿ ಈ ಸರಣಿಯನ್ನು ವಿವರಿಸಲು ನನಗೆ ಇವತ್ತಿಗೂ ಆಗಿಲ್ಲ.

ಅದೇ ಇದರ ಜೀವ. ಬೇರೆ ಆಟಗಳಲ್ಲಿ ನೀವು ಗಳಿಸುವುದು ಅಂಕ, ಆಯುಧ, ಚಿನ್ನ. ಇಲ್ಲಿ ಗಳಿಸುವುದು ಮನುಷ್ಯರನ್ನು. ಕೋಟೆ ಮೊದಲಿಗೆ ಬರಿದು, ಒಳಗೆ ಹುಲ್ಲು ಕಲ್ಲು. ಅಡುಗೆಯವನು ಬಂದಮೇಲೆ ಅಡುಗೆಮನೆ, ಕಮ್ಮಾರ ಬಂದಮೇಲೆ ಕಮ್ಮಾರಸಾಲೆ. ಒಬ್ಬಾತ ಬಂದು ಸ್ನಾನದ ಮನೆ ಕಟ್ಟುತ್ತಾನೆ, ಇನ್ನೊಬ್ಬ ಲಿಫ್ಟ್ ಹಾಕಿಕೊಡುತ್ತಾನೆ. ಎರಡನೆಯ ಆಟದಲ್ಲಿ ರೈತನೊಬ್ಬ ಬಂದರೆ ಹೊಲ ಏಳುತ್ತದೆ, ಬೀಜ ತಂದುಕೊಟ್ಟರೆ ಬಿತ್ತುತ್ತಾನೆ. ವಿಕಿ ಎಂಬ ಮರೆಗುಳಿ ಹುಡುಗಿ ಮಂತ್ರದಿಂದ ನಿಮ್ಮನ್ನು ಊರೂರಿಗೆ ಕಳಿಸುತ್ತಾಳೆ, ಆಗೀಗ ತಪ್ಪು ಜಾಗಕ್ಕೂ ಕಳಿಸುತ್ತಾಳೆ. ಜನ ಹೆಚ್ಚಿದಂತೆ ಕೋಟೆ ಬೆಳೆಯುತ್ತದೆ, ಗೋಡೆ ನೇರವಾಗುತ್ತವೆ, ಹೊಸ ಮಹಡಿಗಳು ತೆರೆಯುತ್ತವೆ. ಅವರಲ್ಲಿ ಎಲ್ಲರೂ ವೀರರಲ್ಲ. ಕೆಲವರಿಗೆ ಹೋರಾಡಲು ಬರುವುದೇ ಇಲ್ಲ, ಅವರ ಹೆಸರೂ ಸೇನಾಪತಿಯ ಹೆಸರಿನ ಜೊತೆ ಅದೇ ಕಲ್ಲಿನ ಮೇಲೆ ಇರುತ್ತದೆ. ಹೋಟೆಲು ನಡೆಸುವ ಹೆಂಗಸಿಗೂ ಮಹಾರಥಿಗೂ ಒಂದೇ ಕಲ್ಲು.

ಇದಕ್ಕೆ ತಕ್ಕ ಹಾಗೆ ಯುದ್ಧದ ಲೆಕ್ಕವನ್ನೂ ಮಾಡಿದ್ದಾರೆ. ಒಮ್ಮೆಗೆ ಆರು ಜನ ಹೊರಡುತ್ತೀರಿ. ಹೊಸದಾಗಿ ಬಂದವನು ದುರ್ಬಲನಾಗಿದ್ದರೂ ಬಲವಾದ ಶತ್ರುಗಳ ಎದುರು ಕೆಲವೇ ಕಾಳಗಗಳಲ್ಲಿ ಉಳಿದವರ ಮಟ್ಟಕ್ಕೆ ಬಂದುಬಿಡುತ್ತಾನೆ. ಹಾಗಾಗಿ ಹೊಸಬರನ್ನು ಕರೆದುಕೊಂಡು ಹೋಗಲು ಹೆದರಿಕೆಯಿಲ್ಲ. ಒಬ್ಬೊಬ್ಬರಿಗೂ ಅವರದೇ ಆಯುಧ, ಅದನ್ನು ಮಾರುವಂತಿಲ್ಲ, ಕಮ್ಮಾರನ ಬಳಿ ಹರಿತ ಮಾಡಿಸುತ್ತಾ ಹೋಗಬೇಕು. ಕಥೆಯಲ್ಲಿ ನಂಟಿರುವವರನ್ನು ಜೊತೆಗೆ ನಿಲ್ಲಿಸಿದರೆ ಒಟ್ಟಾಗಿ ಹೊಡೆಯುವ ವಿಶೇಷ ಏಟು ಸಿಗುತ್ತದೆ. ವಿಕ್ಟರ್ ಮತ್ತು ಫ್ಲಿಕ್ ಎಂಬಿಬ್ಬರು ಎರಡೂ ಆಟಗಳಲ್ಲಿದ್ದಾರೆ. ಅವರ ಸ್ನೇಹ ಮೊದಲನೆಯದರಲ್ಲಿ ಹೇಗೆ ಶುರುವಾಯಿತು ಎಂದು ತಿಳಿದವರಿಗೆ ಎರಡನೆಯದರಲ್ಲಿ ಅವರನ್ನು ಕಂಡಾಗ ಆಗುವ ಸಂತೋಷವೇ ಬೇರೆ.

ಈಗ ನೀವು ಆಡುವ ವಿಚಾರ. ಎರಡೂ ಆಟಗಳನ್ನು ಹೊಸ ಪರದೆಗಳಿಗೆ ತಕ್ಕಂತೆ ತಿದ್ದಿ, ಒಂದೇ ಕಟ್ಟಾಗಿ 2025ರ ಮಾರ್ಚ್ 6ರಂದು ಬಿಡುಗಡೆ ಮಾಡಿದ್ದಾರೆ. ಪ್ಲೇಸ್ಟೇಷನ್ 4 ಮತ್ತು 5, ನಿಂಟೆಂಡೊ ಸ್ವಿಚ್, ಎಕ್ಸ್‌ಬಾಕ್ಸ್, ಕಂಪ್ಯೂಟರ್ ಎಲ್ಲದರಲ್ಲೂ ಸಿಗುತ್ತದೆ. ಮನೆಯಲ್ಲಿ ಇವುಗಳಲ್ಲಿ ಯಾವುದೂ ಇಲ್ಲವೆಂದಾದರೆ ಕೈಯಲ್ಲಿ ಹಿಡಿದು ಆಡುವ ಸ್ವಿಚ್ ಅಥವಾ ಒಳ್ಳೆಯ ಬ್ಯಾಟರಿಯ ಲ್ಯಾಪ್‌ಟಾಪ್ ಆಯ್ದುಕೊಳ್ಳಿ ಎನ್ನುತ್ತೇನೆ, ಕಾರಣ ನಿಮ್ಮೂರಿನ ಮಳೆಗಾಲ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವಂತಿಲ್ಲ. ಹಳೆಯ ಆಟದಲ್ಲಿ ವಸತಿಗೃಹಕ್ಕೋ ದಾರಿಯಲ್ಲಿರುವ ಹರಳಿನ ಬಳಿಗೋ ಹೋದರೆ ಮಾತ್ರ ಮೆಮೊರಿ ಕಾರ್ಡಿಗೆ ದಾಖಲಾಗುತ್ತಿತ್ತು. ಗುಡುಗು ಕೇಳಿದ ಕೂಡಲೇ ನಾವು ಮಾಡುತ್ತಿದ್ದ ಮೊದಲ ಕೆಲಸ ವಸತಿಗೃಹ ಹುಡುಕಿ ಓಡುವುದು. ಹೊಸದರಲ್ಲಿ ಆಟ ತಾನಾಗಿಯೂ ದಾಖಲಿಸಿಕೊಳ್ಳುತ್ತದೆ. ಆಡಿದ ಮಾತುಗಳನ್ನು ಹಿಂದಕ್ಕೆ ಹೋಗಿ ಓದಬಹುದು, ಕಾಳಗಗಳ ವೇಗ ಹೆಚ್ಚಿಸಬಹುದು. ಮೇ ತಿಂಗಳೊಳಗೆ ಡೌನ್‌ಲೋಡ್ ಮುಗಿಸಿಟ್ಟುಕೊಳ್ಳಿ. ಒಬ್ಬರೇ ಆಡುವ ಆಟವಾದ್ದರಿಂದ ಕಥೆಗೆ ನೆಟ್‌ವರ್ಕ್ ಬೇಡ.

ಮೊದಲನೆಯದರಿಂದಲೇ ಶುರುಮಾಡಿ. ಎರಡನೆಯದು ಹೆಚ್ಚು ದೊಡ್ಡದು, ಹೆಚ್ಚು ಪ್ರಸಿದ್ಧ, ನೇರ ಅದಕ್ಕೇ ಹೋಗಿ ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಮೊದಲನೆಯದು ನೇರವಾದ ಕಥೆ, 20 ಗಂಟೆಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ಅದರ ಸುಮಾರು ಇಮ್ಮಡಿ ಸಮಯ ಬೇಕು. ಮೊದಲನೆಯದನ್ನು ಮುಗಿಸಿದ ದಾಖಲೆಯನ್ನು ಎರಡನೆಯದಕ್ಕೆ ಕೊಂಡೊಯ್ಯಬಹುದು. ಹಾಗೆ ಕೊಂಡೊಯ್ದರೆ ಹಳೆಯ ನಾಯಕನನ್ನು, ನೀವು ಇಟ್ಟ ಹೆಸರಿನ ಸಮೇತ, ಒಂದು ಸಣ್ಣ ಹಳ್ಳಿಯಲ್ಲಿ ಕಾಣುತ್ತೀರಿ. ಯುದ್ಧ ಗೆದ್ದಮೇಲೆ ಅಧಿಕಾರ ಬೇಡವೆಂದು ಹೊರಟುಹೋದ ಹುಡುಗ ಅಲ್ಲಿ ಮೀನು ಹಿಡಿಯುತ್ತ ಕೂತಿರುತ್ತಾನೆ. 1998ರಲ್ಲಿ ಒಂದು ಆಟ ಹಿಂದಿನ ಆಟದ ನಿಮ್ಮ ಬದುಕನ್ನು ನೆನಪಿಟ್ಟುಕೊಂಡು ಎದುರಿಗೆ ತಂದು ನಿಲ್ಲಿಸಿತು. ಆಟಗಳಲ್ಲಿ ನಾನು ಕಂಡ ಅತ್ಯಂತ ಪ್ರೀತಿಯ ಏರ್ಪಾಡುಗಳಲ್ಲಿ ಇದೂ ಒಂದು, ಅದನ್ನು ಕಳೆದುಕೊಳ್ಳಬೇಡಿ.

ಪಟ್ಟಿಯ ಮಾತಿಗೆ ಬರೋಣ. ಪರಿಚಯದವರು ಹೇಳಿದ್ದು ಅರ್ಧ ನಿಜ. ಕೆಲವರನ್ನು ಒಂದು ಹಂತ ದಾಟಿದ ಮೇಲೆ ಸೇರಿಸಿಕೊಳ್ಳಲು ಆಗುವುದಿಲ್ಲ, ದೊಡ್ಡ ಸೇನಾಯುದ್ಧಗಳಲ್ಲಿ ಕೆಲವರು ಸತ್ತರೆ ಸತ್ತರು, ಮರಳಿ ಬರುವುದಿಲ್ಲ. ಎಲ್ಲ 108 ಮಂದಿ ಜೊತೆಗಿದ್ದರೆ ಕಥೆಯ ಒಂದು ಮುಖ್ಯ ತಿರುವು ಬದಲಾಗುತ್ತದೆ, ಎರಡೂ ಆಟಗಳಲ್ಲಿ. ಆದರೂ ಮೊದಲನೆಯದನ್ನು ಪಟ್ಟಿಯಿಲ್ಲದೆ ಆಡಿ. ಪಟ್ಟಿ ಕೈಯಲ್ಲಿದ್ದರೆ ಎದುರಿಗೆ ಬಂದವನು ಮನುಷ್ಯನಾಗಿ ಕಾಣದೆ ಗುರುತು ಹಾಕಬೇಕಾದ ಹೆಸರಾಗುತ್ತಾನೆ. ಕಾಕು ಊರಿನಲ್ಲಿ ದೋಣಿ ಬೇಕೆಂದರೆ ತಾಯ್ ಹೋ ಎಂಬ ಮೀನುಗಾರನ ಜೊತೆ ದಾಳ ಆಡಿ ಗೆಲ್ಲಬೇಕು. ದುಡ್ಡು ಸೋತು, ಮತ್ತೆ ಕೂತು, ಗೆದ್ದು ಅವನ ದೋಣಿ ಹತ್ತಿದವರಿಗೆ ಆಮೇಲೆ ಅವನು ಕೋಟೆಯಲ್ಲಿ ಕಂಡಾಗ ಹಳೆಯ ಗೆಳೆಯನೇ. ಊರೂರು ಸುತ್ತಿ, ಎಲ್ಲರ ಹತ್ತಿರ ಮಾತಾಡಿ, ಬರಲೊಲ್ಲೆ ಎಂದವರ ಬಳಿ ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗಿ. ಹೀಗೆಯೇ ತುಂಬ ಜನ ಸಿಗುತ್ತಾರೆ.

ಒಂದೇ ಒಂದು ಸೂಚನೆ ಕೊಡುತ್ತೇನೆ, ಕಾರಣ ಹೇಳುವುದಿಲ್ಲ. ಆರಂಭದಿಂದಲೂ ನಾಯಕನ ಮನೆಯಲ್ಲೇ ಇರುವ ಪಾನ್ ಎಂಬ ದಷ್ಟಪುಷ್ಟ ಆಳನ್ನು ಮರೆಯಬೇಡಿ. ಅವನ ಮೇಲೆ ನಿಮಗೆ ಸಿಟ್ಟು ಬರುವ ಸಂದರ್ಭವೂ ಇದೆ. ಆದರೂ ಅವನಿಗೆ ಒಳ್ಳೆಯ ಕವಚ ತೊಡಿಸಿ, ಅವನ ಆಯುಧವನ್ನು ಕಮ್ಮಾರನಿಂದ ಆದಷ್ಟು ಮಟ್ಟಿಗೆ ಏರಿಸಿ, ಕಾಳಗಕ್ಕೆ ಕರೆದೊಯ್ದು ಬಲಪಡಿಸಿ.

ಎರಡನೆಯದಕ್ಕೆ ನನ್ನ ಸಲಹೆ ಬೇರೆ. ಅಲ್ಲಿ ಪಟ್ಟಿ ನೋಡಬಹುದು, ಅದರಲ್ಲೂ ಅರ್ಧ ದಾಟಿದ ಮೇಲೆ. ಆ ಕಥೆ ಇಬ್ಬರು ಗೆಳೆಯರದು, ನಾಯಕ ಮತ್ತು ಜೋವಿ. ಇಬ್ಬರಿಗೂ ಬೇಕಿರುವುದು ಶಾಂತಿಯೇ, ಒಂದೇ ರೂನ್‌ನ ಎರಡು ಭಾಗ ಇಬ್ಬರ ಕೈಯಲ್ಲಿ, ಹಿಡಿದ ದಾರಿ ಮಾತ್ರ ಎದುರುಬದುರು. ನಡುವೆ ನಾಯಕನ ಅಕ್ಕ ನಾನಾಮಿ, ಈ ಯುದ್ಧ ಗಿದ್ಧ ಬಿಟ್ಟು ಎಲ್ಲಾದರೂ ಹೋಗಿ ಬದುಕೋಣ ಎನ್ನುವವಳು. ಅಷ್ಟು ಹೊತ್ತಿಗೆ ನಿಮಗೆ ಅವಳು ಮನೆಯವಳೇ ಆಗಿರುತ್ತಾಳೆ. ಅಲ್ಲಿ ಒಬ್ಬರನ್ನು ಬಿಟ್ಟ ಕಾರಣಕ್ಕೆ ಕೊನೆ ಬೇರೆಯಾಯಿತು ಎಂಬ ನೋವು ಮೊದಲನೆಯದರಲ್ಲಿ ಆದಂತಲ್ಲ, ಹೆಚ್ಚು ಕಾಲ ಉಳಿಯುತ್ತದೆ. ಪೂರ್ತಿ ಜನರನ್ನು ಸೇರಿಸಿ, ಅಂತಿಮ ನಿರ್ಧಾರದ ಜಾಗದಲ್ಲಿ ಅವಸರಪಡದೆ ನಿಲ್ಲಿ. ಕಥೆ ಶುರುವಾದ ಸ್ಥಳವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಗನ ವಿಷಯ. ಮೊದಲನೆಯದಕ್ಕೆ 11 ವರ್ಷದ ಹುಡುಗನನ್ನು ಧೈರ್ಯವಾಗಿ ಜೊತೆಗೆ ಕೂರಿಸಿಕೊಳ್ಳಿ. ಸಾವುಗಳಿವೆ, ಅವನು ಅತ್ತರೂ ಅಳಬಹುದು, ಅದರಲ್ಲಿ ತಪ್ಪೇನಿಲ್ಲ. ಎರಡನೆಯದರಲ್ಲಿ ಲೂಕಾ ಬ್ಲೈಟ್ ಎಂಬ ರಾಜಕುಮಾರನಿದ್ದಾನೆ. ಅವನು ಹಳ್ಳಿ ಸುಡುವ, ನಿರಾಯುಧರನ್ನು ಕೊಲ್ಲುವ, ಪ್ರಾಣಭಿಕ್ಷೆ ಬೇಡುವವಳನ್ನು ಅವಮಾನಿಸಿ ಕೊಲ್ಲುವ ದೃಶ್ಯಗಳು ಪುಟ್ಟ ಗೊಂಬೆಗಳಲ್ಲಿ ತೋರಿಸಿದರೂ ಕ್ರೂರವಾಗಿವೆ. ಅದು ಮೊದಲ ಕೆಲವು ಗಂಟೆಗಳಲ್ಲೇ ಬರುತ್ತದೆ. ಅದನ್ನು ಇನ್ನೊಂದು ಎರಡು ವರ್ಷ ತಡೆದು ಆಡಿಸಿದರೂ ನಷ್ಟವಿಲ್ಲ. ಆಡಿಸುವುದಾದರೆ ಅವನನ್ನು ಒಬ್ಬನೇ ಬಿಡಬೇಡಿ. ಮೊದಲನೆಯದರಲ್ಲಿ ಕಂಟ್ರೋಲರ್ ಇಬ್ಬರ ಕೈಯಲ್ಲೂ ಓಡಾಡಲಿ: ಊರುಗಳಲ್ಲಿ ತಿರುಗುವುದು ಅವನು, ದ್ವಂದ್ವಯುದ್ಧದ ಸಾಲುಗಳನ್ನು ಓದಿ ಊಹಿಸುವುದು ಇಬ್ಬರೂ ಸೇರಿ. ಇಂಗ್ಲಿಷ್ ಸಾಲುಗಳನ್ನು ನೀವು ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಗಟ್ಟಿಯಾಗಿ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು. ಮಾತಿಗೆ ದನಿಯಿಲ್ಲದ ಆಟಕ್ಕೆ ಮನೆಯವರ ದನಿ ಬಹಳ ಚೆನ್ನಾಗಿ ಹೊಂದುತ್ತದೆ.

ಇವೆರಡರ ಆಚೆ ಏನಿದೆ ಎಂದು ಕೇಳುತ್ತೀರಿ, ಅದು ಖಂಡಿತ. ಮುರಯಾಮ 2002ರ ಮೂರನೆಯ ಆಟದ ಹೊತ್ತಿಗೆ ಕೊನಾಮಿಯಿಂದ ಹೊರನಡೆದರು. ಬಹಳ ವರ್ಷಗಳ ಮೇಲೆ ಹಳೆಯ ಜೊತೆಗಾರರ ಜೊತೆ ಸೇರಿ, 2020ರಲ್ಲಿ ಅಭಿಮಾನಿಗಳಿಂದಲೇ ಹಣ ಕೂಡಿಸಿ, ಇದೇ ಬಗೆಯ ನೂರು ವೀರರ ಆಟವೊಂದನ್ನು ಕಟ್ಟಲು ಹೊರಟರು. ಅದು ಐಯುಡೆನ್ ಕ್ರಾನಿಕಲ್: ಹಂಡ್ರೆಡ್ ಹೀರೋಸ್. 2024ರ ಏಪ್ರಿಲ್ 23ರಂದು ಬಿಡುಗಡೆಯಾಯಿತು. ಮುರಯಾಮ ಅದೇ ವರ್ಷದ ಫೆಬ್ರವರಿ 6ರಂದು, 55ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಬಿಡುಗಡೆಗೆ ಮೂರು ತಿಂಗಳೂ ಉಳಿದಿರಲಿಲ್ಲ. ಆ ಸುದ್ದಿ ಓದಿದ ದಿನ ನಾನು ಕೆಲಸ ಬದಿಗಿಟ್ಟು ಮೊದಲ ಸುಯಿಕೋಡೆನ್‌ನ ಆರಂಭದ ಸಂಗೀತವನ್ನು ಪೂರ್ತಿ ಕೇಳಿದೆ. ಐಯುಡೆನ್‌ಗೆ ಹಳೆಯವುಗಳ ಬಿಗಿ ಇಲ್ಲ, ಕೆಲವೆಡೆ ಎಳೆದಂತೆ ಅನ್ನಿಸುತ್ತದೆ. ಆದರೂ ಕೋಟೆ ತುಂಬುವ ಸಂತೋಷ ಹಾಗೇ ಇದೆ, ಎರಡನ್ನೂ ಮುಗಿಸಿದ ಮೇಲೆ ಅದನ್ನು ಆಡಿ.

ಉಳಿದವು ಹಳೆಯ ಯಂತ್ರಗಳಲ್ಲಿವೆ. ಮೂರನೆಯದು ಒಂದೇ ಯುದ್ಧವನ್ನು ಮೂವರ ಕಣ್ಣಿನಿಂದ ತೋರಿಸುತ್ತದೆ. ಒಬ್ಬನ ಶತ್ರು ಇನ್ನೊಬ್ಬನ ಕಥೆಯಲ್ಲಿ ನಾಯಕ. ನನ್ನ ಮಟ್ಟಿಗೆ ಬರವಣಿಗೆಯಲ್ಲಿ ಅದು ಎರಡನೆಯದಕ್ಕೆ ಸಮ. 2006ರ ಐದನೆಯದು ನಿಧಾನವಾಗಿ ಶುರುವಾಗಿ ಆಮೇಲೆ ಬಿಡದೆ ಹಿಡಿಯುತ್ತದೆ. ಪರಿಚಯದವರಲ್ಲಿ ಯಾರ ಮನೆಯಲ್ಲಾದರೂ ಕೆಲಸ ಮಾಡುವ ಪ್ಲೇಸ್ಟೇಷನ್ 2 ಇದ್ದರೆ ಈ ಎರಡನ್ನು ಹುಡುಕಿ. ಸಮುದ್ರದ ಮೇಲೆ ನಡೆಯುವ 2004ರ ನಾಲ್ಕನೆಯದನ್ನು ಕೊನೆಗೆ ಇಟ್ಟುಕೊಳ್ಳಿ.